ನನ್ನ ಪಾತ್ರ ಹಾಗೇ ಮಾಡೋದು

ಬೆಂಗಳೂರು ಬಿಟ್ಟು, ಮಾಗಡಿ ದಾಟಿ, ಹುತ್ರಿದುರ್ಗದ ಬೆಟ್ಟ ಕಣ್ಣಿಗೆ ಬೀಳೋವರೆಗೆ ಬಸ್ಸಿನಲ್ಲಿ ನನಗೆ ಎರಡು ಗಂಟೆಗೂ ಹೆಚ್ಚು ಪುರುಸೊತ್ತು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರ್ತೀನಿ. ಕೇಳೋದು ಹಾಡಲ್ಲ, ಕ್ರಿಕೆಟ್ ಕಾಮೆಂಟ್ರಿಯೂ ಅಲ್ಲ. ಎಲ್ಲೋ ಅಮೆರಿಕದಲ್ಲಿ ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು, ನಾನು ಮಾಂತ್ರಿಕ, ನೀನು ಕಳ್ಳ, ಅವಳು ಬೇಟೆಗಾರ್ತಿ ಅಂದುಕೊಂಡು, ದಾಳ ಉರುಳಿಸುತ್ತಾ ಕಥೆ ಕಟ್ಟೋ ಪಾಡ್‌ಕಾಸ್ಟ್. ಮೂವತ್ತು ದಾಟಿದ, ಇಎಂಐ ಕಟ್ಟೋ ಗಂಡಸಿಗೆ ಇದೇನು ಹುಚ್ಚು ಅಂತ ನಗಬೇಡಿ. ನಕ್ಕರೂ ಪರವಾಗಿಲ್ಲ, ಮುಂದೆ ಓದಿ.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನೋ ಆಟ ಹೊರತಂದರು. ಬೋರ್ಡ್ ಇಲ್ಲದಿದ್ದರೂ ನಡೆಯುತ್ತೆ, ಕಂಪ್ಯೂಟರ್ ಬೇಕೇ ಬೇಕು ಅಂತಿಲ್ಲ. ಒಬ್ಬರು ಕಥೆ ನಡೆಸೋರು. ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. 'ನಿಮ್ಮ ಮುಂದೆ ಒಂದು ಕಾಡು, ಒಳಗಡೆ ಹೊಗೆ ಕಾಣ್ತಿದೆ, ಏನು ಮಾಡ್ತೀರ?' ಅಂತ ನಡೆಸೋರು ಕೇಳಬೇಕು, ಆಡೋರು ಹೇಳಬೇಕು. ಮಾಡೋಕೆ ಹೊರಟಿದ್ದು ಆಗುತ್ತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ಒಂದು ದಾಳ ಹೇಳುತ್ತೆ. ಇಷ್ಟೇ ಆಟ.

ಅದನ್ನ ರೆಕಾರ್ಡ್ ಮಾಡಿ ಲೋಕಕ್ಕೆ ಕೇಳಿಸೋದು ಈಗಿನ ಬೆಳವಣಿಗೆ. 'ದಿ ಅಡ್ವೆಂಚರ್ ಝೋನ್' 2014ರಲ್ಲಿ ಶುರುವಾಯ್ತು. ಮೆಕ್‌ಎಲ್ರಾಯ್ ಅನ್ನೋ ಮನೆತನದ ಮೂವರು ಅಣ್ಣತಮ್ಮಂದಿರು ಮತ್ತು ಅವರಪ್ಪ ಸೇರಿ ಆಡೋದು. 2015ರಲ್ಲಿ 'ಕ್ರಿಟಿಕಲ್ ರೋಲ್' ಬಂತು. ಅದರಲ್ಲಿ ಆಡೋರು ಕಾರ್ಟೂನ್, ವಿಡಿಯೋ ಗೇಮ್‌ಗಳಿಗೆ ದನಿ ಕೊಡೋ ಕಲಾವಿದರು. ಅಪ್ಪ ಮಕ್ಕಳ ಆಟ 2018ರಲ್ಲಿ ಕಾಮಿಕ್ ಪುಸ್ತಕವೂ ಆಯ್ತು. ಬಾಯಲ್ಲಿ ಆಡಿದ ಆಟ ಚಿತ್ರಕಥೆ ಆಗಿ ಅಂಗಡಿಗೆ ಬಂತು ಅಂದರೆ ನೋಡಿ!

ನನಗೆ ಇವೆರಡೂ ಒಟ್ಟಿಗೆ ಅಂಟಿದ ಗೀಳು. ಹುಡುಗನಾಗಿದ್ದಾಗ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಬಾಲಮಂಗಳ ಕೊಡಿಸಿದ ದಿನ ಊಟ ಸೇರ್ತಿರಲಿಲ್ಲ. ಅದರಲ್ಲಿ ಬರ್ತಿದ್ದ ಡಿಂಗ ಅನ್ನೋ ಶಕ್ತಿವಂತ ಇಲಿ ನನ್ನ ಮೊದಲ ಹೀರೋ. ಆಮೇಲೆ ಅಮರ ಚಿತ್ರಕಥೆ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಕಟ್ಟಿದ್ದು ಅದು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ಈಗ ಕಾಮಿಕ್ಸ್ ಬಗ್ಗೆ ಹರಟೋ ಪಾಡ್‌ಕಾಸ್ಟುಗಳನ್ನೂ ಕೇಳ್ತೀನಿ. ಅಲ್ಲಿ ಜನ ಗಂಟೆಗಟ್ಟಲೆ ಜಗಳ ಆಡೋ ಪ್ರಶ್ನೆ ಒಂದಿದೆ: ಜೋಕರ್ ಸಾವಿರ ಸಲ ಜೈಲಿಂದ ತಪ್ಪಿಸಿಕೊಂಡು ಜನರನ್ನ ಕೊಲ್ತಾನೆ, ಬ್ಯಾಟ್‌ಮ್ಯಾನ್ ಅವನನ್ನ ಒಂದೇ ಸಲ ಕೊಂದು ಮುಗಿಸಬಾರದಾ? ಕೇಳೋಕೆ ಬಲು ಚೆನ್ನಾಗಿರುತ್ತೆ. ಯಾಕೆ ಅಂದರೆ ತೀರ್ಮಾನ ನಮ್ಮದಲ್ಲ. ಬ್ಯಾಟ್‌ಮ್ಯಾನ್ ಮಾಡಿದ್ದಕ್ಕೆ ಬರೆದವನು ಜವಾಬ್ದಾರ, ನಾವು ಕಟ್ಟೆ ಮೇಲೆ ಕೂತ ಪಂಚಾಯ್ತಿದಾರರು.

ಆಟದ ಪಾಡ್‌ಕಾಸ್ಟಿನಲ್ಲಿ ಹಾಗಲ್ಲ. ತೀರ್ಮಾನ ತಗೊಳ್ಳೋ ಹೊತ್ತಿಗೇ ಅದು ನಮಗೆ ಕೇಳಿಸುತ್ತೆ. ಪಾತ್ರದ ದನಿ ನಿಂತು ಮನುಷ್ಯನ ದನಿ ಬರುತ್ತೆ. 'ಒಂದ್ನಿಮಿಷ, ನಾನು ಹೀಗೆ ಮಾಡಿದ್ರೆ ನಿನಗೆ ಪರವಾಗಿಲ್ವಾ?' ಅಂತ ಒಬ್ಬ ಇನ್ನೊಬ್ಬನ್ನ ಕೇಳ್ತಾನೆ. ಅವನು ಸ್ವಲ್ಪ ತಡೆದು 'ಸರಿ' ಅಂತಾನೆ. ಆಮೇಲೆ ಮತ್ತೆ ಕತ್ತಿ, ಮಂತ್ರ, ಕೂಗಾಟ. ನಾನು ವರ್ಷಗಟ್ಟಲೆ ಕತ್ತಿ ಮಂತ್ರಗಳನ್ನೇ ಕೇಳಿಸಿಕೊಂಡೆ. ನಡುವೆ ಬರೋ ಆ ಒಂದು ನಿಮಿಷವನ್ನ ಕೇಳಿಸಿಕೊಂಡಿರಲೇ ಇಲ್ಲ. ಅದಕ್ಕೇ ಈ ಬರಹ.

ನಾವು ಆರು ಜನ ಆಫೀಸಿನವರು ಶುಕ್ರವಾರ ರಾತ್ರಿ ಈ ಆಟ ಆಡ್ತೀವಿ. ಕಥೆ ನಡೆಸೋ ಗೆಳೆಯನಿಗೆ ನಾನಿಟ್ಟ ಹೆಸರು ಮೇಷ್ಟ್ರು. ನಮ್ಮ ಕಡೆ ಹಾರ್ಮೋನಿಯಂ ಮುಂದೆ ಕೂತು ನಾಟಕ ಕಲಿಸೋರನ್ನ ಹಾಗೇ ಕರೆಯೋದು. ನಮ್ಮ ಮೇಷ್ಟ್ರು ಒಂದು ಸಲ ನಮ್ಮೂರಿಗೆ ಬಂದು ಬೆಟ್ಟ ಹತ್ತಿದ್ದ. ಕೆಂಪೇಗೌಡರ ಕಾಲದ ಕೋಟೆ, ಒಂದರ ಮೇಲೊಂದು ಕಲ್ಲು ಬಾಗಿಲು, ತುದಿಯಲ್ಲಿ ಶಂಕರೇಶ್ವರನ ಗುಡಿ. 1791ರ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಕೆಲವೇ ದಿನಕ್ಕೆ ಈ ಕೋಟೆಯೂ ಇಂಗ್ಲಿಷರ ಪಾಲಾಯ್ತು ಅಂತ ಹೇಳಿದ್ದೇ ತಡ, ಅವನ ಕಣ್ಣು ಅಗಲ ಆಯ್ತು. ಮುಂದಿನ ಶುಕ್ರವಾರ ನಮ್ಮ ಆಟದಲ್ಲಿ ಒಂದು ಕೋಟೆ ಎದ್ದಿತ್ತು. ಏಳು ಬಾಗಿಲು. ನಾವು ಒಳಗೆ ನುಗ್ಗಬೇಕಾದ ಗುಂಪು.

ನನ್ನದು ಕಳ್ಳನ ಪಾತ್ರ. ಮಾತಿನಲ್ಲಿ ಚುರುಕು, ಮನಸ್ಸಿನಲ್ಲಿ ಕರುಣೆ ಇಲ್ಲ ಅಂತ ನಾನೇ ಶುರುವಲ್ಲಿ ಬರೆದುಕೊಂಡಿದ್ದೆ. ಐದನೇ ಬಾಗಿಲಿನ ಹತ್ತಿರ ನಮಗೆ ಒಬ್ಬ ಹುಡುಗ ಸಿಕ್ಕಿಬಿದ್ದ. ಕಾವಲುಗಾರರಿಗೆ ನೀರು ಹೊರೋ ಹುಡುಗ, ಹದಿಮೂರೋ ಹದಿನಾಲ್ಕೋ. ಕಳ್ಳದಾರಿ ಅವನಿಗೆ ಗೊತ್ತು. ಮೇಷ್ಟ್ರು ಕೇಳಿದ, 'ಏನ್ ಮಾಡ್ತೀರ?' ಉಳಿದವರು ಇನ್ನೂ ಯೋಚನೆ ಮಾಡ್ತಿದ್ದರು. ನಾನು ತಡ ಮಾಡಲಿಲ್ಲ. 'ಅವನ ಕೈ ಹಿಡಿದು ಪಂಜಿನ ಹತ್ತಿರ ತರ್ತೀನಿ' ಅಂದೆ. ಅಲ್ಲಿಗೆ ನಿಲ್ಲಿಸಲೂ ಇಲ್ಲ. ಬೆಂಕಿ ಚರ್ಮಕ್ಕೆ ತಾಗಿದಾಗ ಮೊದಲು ಕೂಗು ಬರಲ್ಲ, ಉಸಿರು ಒಳಕ್ಕೆ ಹೋಗುತ್ತೆ, ಕಾಲಿನ ಹೆಬ್ಬೆರಳು ಮಣ್ಣು ಗೀರುತ್ತೆ, ಹೀಗೆ ಹೇಳ್ತಾ ಹೋದೆ. ದಾಳ ಉರುಳಿಸಿದೆ. ಇಪ್ಪತ್ತು ಬಿತ್ತು. ಮೇಜಿನ ಮೇಲೆ ಚಪ್ಪಾಳೆ. ಹುಡುಗ ದಾರಿ ಹೇಳಿದ.

ಚಪ್ಪಾಳೆ ತಟ್ಟದ ಒಬ್ಬಳಿದ್ದಳು. ಶಿವಮೊಗ್ಗ ಕಡೆಯವಳು, ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ಮಾಡೋಳು. ಅವತ್ತು ಬೇಗ ಎದ್ದು ಹೋದಳು. ರಾತ್ರಿ ಹನ್ನೆರಡಕ್ಕೆ ನಾನೇ ಮೆಸೇಜ್ ಹಾಕಿದೆ: 'ಬೇಜಾರಾಯ್ತಾ? ಅದು ನಾನಲ್ಲ ಮಾರಾಯ್ತಿ, ನನ್ನ ಪಾತ್ರ ಹಾಗೇ ಮಾಡೋದು.' ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: 'ನೀನಲ್ಲ ಅಂದ್ರೆ ನಿಂಗೆ ಅಷ್ಟು ಸರಿಯಾಗಿ ಹೇಗೆ ಗೊತ್ತಿತ್ತು?'

ನಿದ್ದೆ ಬರಲಿಲ್ಲ.

ಗೊತ್ತಿತ್ತು, ಹೌದು. ನನಗೆ ಹತ್ತು ವರ್ಷ ಇದ್ದಾಗ ನಮ್ಮ ಕಡೆ ತೋಟಗಳಲ್ಲಿ ಪಂಪ್‌ಸೆಟ್ಟಿನ ವೈರ್ ಕಳುವಾಗ್ತಿತ್ತು. ಒಂದು ದಿನ ಬೇರೆ ಊರಿನ ಒಬ್ಬ ಹುಡುಗನ್ನ ಹಿಡಿದು ತೆಂಗಿನ ಮರಕ್ಕೆ ಕಟ್ಟಿದ್ದರು. ಯಾರೋ ಬೀಡಿ ಸೇದ್ತಾ ಸೇದ್ತಾನೇ ಅದರ ತುದಿಯನ್ನ ಅವನ ಕೈಗೆ ಒತ್ತಿದ. ಸುತ್ತ ಜನ ಇದ್ದರು. ನಾನೂ ಇದ್ದೆ, ಐಸ್‌ಕ್ಯಾಂಡಿ ಚೀಪುತ್ತಾ. ಆ ಒಳಕ್ಕೆ ಹೋದ ಉಸಿರು, ಮಣ್ಣು ಗೀರಿದ ಹೆಬ್ಬೆರಳು, ಎರಡೂ ಅವನದು. ವೈರ್ ಕದ್ದವನು ಅವನೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಅದು ನನ್ನ ನೆನಪಿಗೇ ಬಂದಿರಲಿಲ್ಲ. ಬಂದಿದ್ದು ಆಟದಲ್ಲಿ. ಅದೂ ಚಪ್ಪಾಳೆ ಗಿಟ್ಟಿಸೋ ಸರಕಾಗಿ.

ಈಗ ಪ್ರಶ್ನೆ. ಒಂದು ಪಾತ್ರ ಮಾಡಿದ ಕೆಟ್ಟ ಕೆಲಸಕ್ಕೆ ಪಾತ್ರಧಾರಿ ಎಷ್ಟರಮಟ್ಟಿಗೆ ಹೊಣೆ? ನೀರು ಹೊರೋ ಹುಡುಗ ಎಲ್ಲೂ ಇಲ್ಲ. ಅವನ ಕೈ ಸುಟ್ಟಿಲ್ಲ, ಕೈಯೇ ಇಲ್ಲ. ಯಾರಿಗೂ ನೋವಾಗದ ತಪ್ಪು ತಪ್ಪಾ?

ಇದಕ್ಕೆ ಎರಡು ಸುಲಭದ ಉತ್ತರ ಇವೆ. ಎರಡೂ ನನಗೆ ಒಗ್ಗಲ್ಲ. ಮೊದಲನೆಯದು, ಇಂಥ ಆಟ, ಇಂಥ ಪುಸ್ತಕ ಇವೇ ಜನರನ್ನ ಕೆಡಿಸೋದು ಅನ್ನೋದು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯ ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಿದ್ದಾರೆ ಅಂತ ಪುಸ್ತಕ ಬರೆದ. ಅದೇ ವರ್ಷ ಅಮೆರಿಕದ ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನೀತಿಸಂಹಿತೆ ಹಾಕಿಕೊಂಡರು. ಅವನ ಕಾಗದಪತ್ರ ಕೆದಕಿದ ಕ್ಯಾರಲ್ ಟಿಲ್ಲಿ ಅನ್ನೋ ಸಂಶೋಧಕಿ, ಮಕ್ಕಳ ಮಾತನ್ನ ಅವನು ಬೇಕಾದ ಹಾಗೆ ತಿರುಚಿದ್ದ ಅಂತ 2012ರಲ್ಲಿ ತೋರಿಸಿದರು. ಎಂಬತ್ತರ ದಶಕದಲ್ಲಿ ಇದೇ ಗದ್ದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೇಲೆ ಎದ್ದಿತು, ಸೈತಾನನ ಆಟ ಅಂತ. ನಾನು ಕಳ್ಳನ ಪಾತ್ರ ಆಡಿ ಕ್ರೂರಿ ಆಗಲಿಲ್ಲ. ಆ ಕ್ರೌರ್ಯ ಆಟಕ್ಕಿಂತ ಮುಂಚೆಯೇ, ಆ ತೆಂಗಿನ ಮರದ ಹತ್ತಿರವೇ ಇತ್ತು. ಅದನ್ನ ನೋಡಿದವರು ಯಾರೂ ಆಟ ಆಡಿರಲಿಲ್ಲ, ಕಾಮಿಕ್ಸೂ ಓದಿರಲಿಲ್ಲ.

ಎರಡನೆಯ ಉತ್ತರ ನಾನು ಮೆಸೇಜಿನಲ್ಲಿ ಕಳಿಸಿದ್ದು: ಅದು ನಾನಲ್ಲ, ಪಾತ್ರ. ಇದು ಎಷ್ಟು ಹಳಸಲು ಅಂದರೆ ಈ ಆಟ ಆಡೋ ಜಗತ್ತಿನಲ್ಲೇ ಇದೊಂದು ಗಾದೆ ಥರ ಆಗಿದೆ. ಮೇಜಿನ ಮೇಲೆ ಬೇರೆಯವರ ಸಂತೋಷ ಕೆಡಿಸಿದವನು ಕಡೆಗೆ ಹೇಳೋ ಮಾತು ಅಂತ ಎಲ್ಲರೂ ಗೇಲಿ ಮಾಡ್ತಾರೆ. ಗೇಲಿ ಮಾಡ್ತಿದ್ದವರಲ್ಲಿ ನಾನೂ ಒಬ್ಬ.

ಮಾರನೇ ದಿನ ಊರಿಗೆ ಹೋದೆ. ನನ್ನ ದೊಡ್ಡಪ್ಪ ಹದಿನೈದು ವರ್ಷ 'ಕುರುಕ್ಷೇತ್ರ' ನಾಟಕದಲ್ಲಿ ದುಶ್ಶಾಸನ. ತುಮಕೂರು ಸೀಮೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಗುಬ್ಬಿ ಕಂಪನಿ ಕುರುಕ್ಷೇತ್ರ ಆಡಿ, ರಂಗದ ಮೇಲೆ ನಿಜವಾದ ಆನೆ ಕುದುರೆ ತಂದು ನಾಡನ್ನೇ ಬೆರಗು ಮಾಡಿದ ಜಿಲ್ಲೆ ಇದು. ಗುಬ್ಬಿ ವೀರಣ್ಣನವರ ಕಾಲ ಮುಗಿದರೂ ಹಳ್ಳಿಗಳಲ್ಲಿ ಆ ಹುಚ್ಚು ಮುಗಿದಿಲ್ಲ. ಸುಗ್ಗಿ ಮುಗಿದ ಮೇಲೆ ಮೇಷ್ಟ್ರನ್ನ ಗೊತ್ತು ಮಾಡಿ, ತಿಂಗಳುಗಟ್ಟಲೆ ಪ್ರಾಕ್ಟೀಸ್. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನ ದುಬಾರಿ. ಹೆಣ್ಣಿನ ಪಾತ್ರಕ್ಕೆ ಹೊರಗಿಂದ ಕಲಾವಿದೆಯರು ಬರ್ತಾರೆ. ನಮ್ಮೂರ ಮೇಷ್ಟ್ರು ವಸ್ತ್ರಾಪಹರಣದ ದೃಶ್ಯ ಸೇರಿಸಿದ್ದರಿಂದ ದೊಡ್ಡಪ್ಪನಿಗೆ ಕೈತುಂಬ ಕೆಲಸ.

ಕೊಟ್ಟಿಗೆ ಮುಂದೆ ಕೂತಿದ್ದಾಗ ನಮ್ಮ ಶುಕ್ರವಾರದ ಆಟ ಏನು ಅಂತ ವಿವರಿಸಿದೆ. ದೊಡ್ಡಪ್ಪನಿಗೆ ನನ್ನ ಮ್ಯಾನೇಜರಿಗಿಂತ ಬೇಗ ಅರ್ಥ ಆಯ್ತು.

'ಅಂದ್ರೆ ನಾಟ್ಕನೇ ಕಣ್ಲಾ. ಮಾತು ಯಾರ್ ಬರ್ದಿದ್ದು?'

'ಯಾರೂ ಬರೆದಿಲ್ಲ ದೊಡ್ಡಪ್ಪ. ಆಡೋವಾಗಲೇ ಹೇಳಿಕೊಂಡು ಹೋಗೋದು.'

'ಇಂಗೇ ಆಡ್ಬೇಕು ಅಂತ ಮೇಷ್ಟ್ರು ಏಳಿರ್ತಾರಾ?'

'ಇಲ್ಲ. ನಮ್ಮಿಷ್ಟ.'

ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದ. ಆಮೇಲೆ ಅಂದ: 'ನಾನ್ ಸೀರೆ ಎಳೀನಿಲ್ಲ ಅಂದ್ರೆ ನಾಟ್ಕನೇ ನಿಂತೋಯ್ತದೆ. ಬರ್ದೋರು ಬ್ಯಾರೆ, ಕಲ್ಸಿದ್ದು ಮೇಷ್ಟ್ರು, ನಾನು ಬಾಯಿ ಬುಡ್ತಿದ್ದೆ ಅಷ್ಟೇಯ. ನಿಂದು ಅಂಗಲ್ವಲ್ಲ ಮಗ. ಬರ್ದೋನೂ ನೀನೇ, ಆಡ್ದೋನೂ ನೀನೇ.'

ಅದೇನೂ ಬೈಗುಳ ಅಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದ. ಆದರೆ ನನಗೆ ಸಿಗದೇ ಇದ್ದ ಗಂಟು ಅಲ್ಲಿ ಸಿಕ್ಕಿತು. ಕಾಮಿಕ್ಸ್ ಓದೋವಾಗ ನಾನು ನೋಡೋನು. ನಾಟಕದಲ್ಲಿ ದೊಡ್ಡಪ್ಪ ಬರೆದದ್ದನ್ನ ಆಡೋನು. ಈ ಆಟದಲ್ಲಿ ಪ್ರತಿ ಸಲವೂ ಮಾಡಬೇಕಾ ಬೇಡವಾ ಅನ್ನೋದು ನನ್ನ ಕೈಲಿದೆ. 'ಪಾತ್ರ ಹಾಗೇ ಮಾಡೋದು' ಅನ್ನೋ ಮಾತನ್ನ ದೊಡ್ಡಪ್ಪ ಹೇಳಿದರೆ ನಿಜ, ನಾನು ಹೇಳಿದರೆ ನೆಪ. ಕರುಣೆ ಇಲ್ಲದ ಪಾತ್ರ ಅಂತ ಬರೆದುಕೊಂಡವನೂ ನಾನೇ ತಾನೇ?

ಸರಿ, ದಾಳ? ಇಪ್ಪತ್ತು ಬಿದ್ದಿದ್ದು ನನ್ನ ಕೈಲಿರಲಿಲ್ಲವಲ್ಲ! ಇದಕ್ಕೂ ಉತ್ತರ ಅದೇ ನಾಟಕದಲ್ಲಿದೆ. ಧರ್ಮರಾಯ ದಾಳಕ್ಕೆ ಸೋತ ಅಂತೀವಿ. ದಾಳ ಹೇಳಿದ್ದು ಗೆಲುವೋ ಸೋಲೋ ಅಷ್ಟೇ. ದ್ರೌಪದಿಯನ್ನ ಪಣಕ್ಕಿಡು ಅಂತ ದಾಳ ಹೇಳಲಿಲ್ಲ. ಅದು ಅವನ ಬಾಯಿಂದ ಬಂದ ಮಾತು. ಆಮೇಲೆ ದ್ರೌಪದಿ ಸಭೆಯಲ್ಲಿ ಕೇಳ್ತಾಳೆ: ತನ್ನನ್ನೇ ಮೊದಲು ಸೋತುಕೊಂಡವನಿಗೆ ನನ್ನನ್ನ ಒಡ್ಡೋ ಹಕ್ಕು ಎಲ್ಲಿತ್ತು? ಭೀಷ್ಮರಂಥವರು ಧರ್ಮ ಸೂಕ್ಷ್ಮ ಅಂತ ತಲೆ ತಗ್ಗಿಸ್ತಾರೆ. ಆಟದ ನಿಯಮ ಏನು ಹೇಳುತ್ತೆ ಅಂತ ಹುಡುಕ್ತಾ ಕೂತವರಿಗೆ ಎದುರಿಗೆ ನಿಂತ ಹೆಂಗಸು ಕಾಣಲೇ ಇಲ್ಲ. ಕೌರವರ ಪೈಕಿ ವಿಕರ್ಣ ಒಬ್ಬ ಎದ್ದು ಇದು ತಪ್ಪು ಅಂದ. ಅವನ ಮಾತಿಗೆ ಬೆಲೆ ಸಿಗಲಿಲ್ಲ. ಆದರೆ ಅಂದ.

ನಾನು ಇಪ್ಪತ್ತು ಬಿತ್ತು ಅಂತ ಕುಣಿದಾಗ ಶಿವಮೊಗ್ಗದ ಹುಡುಗಿ ಎದ್ದು ಹೋಗಿದ್ದು ನನಗೆ ಆಗ ಕಂಡಿರಲಿಲ್ಲ.

ಹಾಗಾದರೆ ಆಟದಲ್ಲಿ ಕೆಟ್ಟವರೇ ಇರಬಾರದಾ? ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ದುಶ್ಶಾಸನ ಇಲ್ಲದೆ ಕುರುಕ್ಷೇತ್ರ ಇಲ್ಲ. ಕೆಟ್ಟದ್ದನ್ನ ಆಡಿ ನೋಡದೆ ಅದು ಎಲ್ಲಿಂದ ಹುಟ್ಟುತ್ತೆ ಅಂತ ತಿಳಿಯೋದು ಕಷ್ಟ. ನನಗೂ ತಿಳಿದಿದ್ದು ಆಡಿದ್ದರಿಂದಲೇ. ಪಾತ್ರ ಏನು ಮಾಡಿತು ಅನ್ನೋದಕ್ಕೆ ಪಾತ್ರ ಕಥೆಯೊಳಗೆ ಉತ್ತರ ಕೊಡಲಿ. ಅದನ್ನ ಮೇಜಿನ ಮೇಲೆ ತಂದದ್ದು, ಯಾರ ಮುಂದೆ ತಂದೆ ಅನ್ನೋದು, ಯಾರ ನೋವನ್ನ ಸಾಲ ತಂದು ಯಾರಿಗೆ ರಂಜನೆ ಕೊಟ್ಟೆ ಅನ್ನೋದು, ಇವು ಕಥೆಯ ಹೊರಗೆ ನಡೆದ ಕೆಲಸ. ಅದಕ್ಕೆ ನಾನೇ ಉತ್ತರ ಕೊಡಬೇಕು. ನೀರು ಹೊರೋ ಹುಡುಗ ಸುಳ್ಳು, ಸರಿ. ಮರಕ್ಕೆ ಕಟ್ಟಿದ್ದ ಹುಡುಗ ಸುಳ್ಳಲ್ಲ. ಎದ್ದು ಹೋದವಳೂ ಸುಳ್ಳಲ್ಲ.

ದೊಡ್ಡಪ್ಪ ಇನ್ನೊಂದು ವಿಷಯ ಹೇಳಿದ. ಮೊದಲನೇ ವರ್ಷ ದ್ರೌಪದಿ ಪಾತ್ರಕ್ಕೆ ಬಂದ ಕಲಾವಿದೆಯನ್ನ ನಾಟಕದ ದಿನ ಸಂಜೆ ಬಣ್ಣದ ಮನೆಯಲ್ಲಿ ಕೇಳಿದನಂತೆ: 'ತಾಯಿ, ತುರುಬು ಇಡಿಯೋವಾಗ ಎಲ್ಲಿ ಇಡೀಲಿ? ಎಲ್ಲೀಗಂಟ ಎಳೀಲಿ?' ಆಕೆ ತೋರಿಸಿಕೊಟ್ಟರು. ಜಾಸ್ತಿ ಆದರೆ ಎಡಗೈ ಎತ್ತುತೀನಿ, ಬಿಟ್ಟುಬಿಡಿ ಅಂದರಂತೆ. ರಂಗದ ಮೇಲೆ ದೊಡ್ಡಪ್ಪ ರಾಕ್ಷಸನೇ. ಹೆಂಗಸರು ಮಣ್ಣು ತೂರಿ ಶಾಪ ಹಾಕಿದ್ದರು. ಬೆಳಗಿನ ಜಾವ ನಾಟಕ ಮುಗಿದ ಮೇಲೆ ಮೀಸೆಯನ್ನೂ ಕಿತ್ತಿರಲಿಲ್ಲ, ಹೋಗಿ ಕೈಮುಗಿದ: 'ತೆಪ್ಪಾಗಿದ್ರೆ ವಟ್ಟೆಗಾಕ್ಕೊಳ್ಳಿ.' ಆಕೆ ನಕ್ಕು, 'ಹಂಗೇನಿಲ್ಲ ಗೌಡ್ರೇ, ಬಾಕಿ ದುಡ್ಡು ಕೊಡ್ಸಿ, ಮೊದಲ್ನೇ ಬಸ್ಸಿಗೆ ಹೋಗ್ಬೇಕು' ಅಂದರಂತೆ.

ನನಗೆ ಮೈ ಜುಮ್ಮೆಂದಿತು. ಯಾಕೆ ಗೊತ್ತಾ? ನಾನು ಕೇಳೋ ಪಾಡ್‌ಕಾಸ್ಟುಗಳಲ್ಲಿ ಇದನ್ನೇ ದೊಡ್ಡ ಹೊಸ ಪದ್ಧತಿ ಅಂತ ಮಾತಾಡ್ತಾರೆ. ಆಟಕ್ಕೆ ಮುಂಚೆ ಒಂದು ದಿನ ಕೂತು ಯಾವ ವಿಷಯ ಬರಬಾರದು ಅಂತ ಒಪ್ಪಿಕೊಳ್ಳೋದು. ಮೇಜಿನ ನಡುವೆ ಎಕ್ಸ್ ಅಂತ ಬರೆದ ಒಂದು ಕಾರ್ಡ್ ಇಡೋದು. ಜಾನ್ ಸ್ಟಾವ್ರೊಪೌಲಸ್ ಅನ್ನೋ ಆಟಗಾರ ತಂದ ಪದ್ಧತಿ ಅದು. ಯಾರು ಬೇಕಾದರೂ ಆ ಕಾರ್ಡ್ ಮುಟ್ಟಬಹುದು, ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳೋ ಹಾಗಿಲ್ಲ. ದೊಡ್ಡಪ್ಪ ಇಂಗ್ಲಿಷ್ ಪಾಡ್‌ಕಾಸ್ಟ್ ಕೇಳಿದವನಲ್ಲ. ಆಡಬೇಕಾದ ಮಾತು ಬೇರೆಯವರು ಬರೆದಿದ್ದರೂ, ಕೈ ತನ್ನದು ಅಂತ ಅವನಿಗೆ ಗೊತ್ತಿತ್ತು.

ಸೋಮವಾರ ಆಫೀಸಿಗೆ ಬಂದಾಗ ಇನ್ನೊಂದು ಕಾಣಿಸತೊಡಗಿತು. ನಮ್ಮಲ್ಲೂ ಎಲ್ಲರಿಗೂ ಒಂದೊಂದು 'ರೋಲ್' ಇದೆ. ಕೆಲವು ವರ್ಷದ ಹಿಂದೆ ಒಂದು ಕಂಪನಿಗೆ ಆ್ಯಪ್ ಮಾಡ್ತಿದ್ದಾಗ, ಚಂದಾ ನಿಲ್ಲಿಸೋ ಬಟನ್ನನ್ನ ಯಾರಿಗೂ ಸಿಗದ ಕಡೆ ಇಡಬೇಕು ಅಂತ ಟಿಕೆಟ್ ಬಂತು. ವಯಸ್ಸಾದವರು ತಿಂಗಳು ತಿಂಗಳು ದುಡ್ಡು ಕಳೆದುಕೊಳ್ತಾರೆ ಅಂತ ಗೊತ್ತಿತ್ತು. ಡೆವಲಪರ್ ಕೆಲಸ ಬಟನ್ ಇಡೋದು, ಎಲ್ಲಿಡಬೇಕು ಅನ್ನೋದು ಬೇರೆಯವರ ರೋಲ್ ಅಂತ ಇಟ್ಟೆ. ನನ್ನ ಪಾತ್ರ ಹಾಗೇ ಮಾಡೋದು! ಆ ಸಾಲನ್ನ ನಾನು ಶುಕ್ರವಾರ ರಾತ್ರಿ ಕಲಿತದ್ದಲ್ಲ, ಹಗಲು ಹೊತ್ತು ಸಂಬಳ ತಗೊಂಡು ಅಭ್ಯಾಸ ಮಾಡಿದ್ದು.

ಶಿವಮೊಗ್ಗದವಳಿಗೆ ತೆಂಗಿನ ಮರದ ಕಥೆ ಹೇಳಿದೆ. ಕ್ಷಮೆ ಕೇಳಿದೆ. ಅವಳು 'ಸರಿ ಬಿಡು' ಅನ್ನಲಿಲ್ಲ, 'ನೀನು ಆಗ ಹತ್ತು ವರ್ಷದೋನು' ಅಂತ ಸಮಾಧಾನವನ್ನೂ ಮಾಡಲಿಲ್ಲ. 'ಮುಂದಿನ ವಾರ ಆ ಹುಡುಗನ್ನ ನಾನು ಆಡಿಸ್ತೀನಿ, ಮೇಷ್ಟ್ರನ್ನ ಕೇಳು' ಅಂದಳು. ಕೇಳಿದೆ. ಈಗ ನಮ್ಮ ಗುಂಪಿನ ಜೊತೆ ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹುಡುಗ ನಡೀತಾನೆ. ನನ್ನ ಕಳ್ಳನ ಹತ್ತಿರ ಮಾತಾಡಲ್ಲ. ಮೇಜಿನ ನಡುವೆ ಎಕ್ಸ್ ಕಾರ್ಡ್ ಬದಲು ನಮ್ಮಜ್ಜಿಯ ಚೌಕಾಬಾರದ ಕವಡೆ ಒಂದನ್ನ ಇಟ್ಟಿದ್ದೀವಿ. ಇಲ್ಲಿವರೆಗೆ ಎರಡು ಸಲ ಮುಟ್ಟಿದ್ದಾರೆ. ಒಂದು ಸಲ ಮುಟ್ಟಿದ್ದು ನಾನು.

ಮೊನ್ನೆ ಊರಲ್ಲಿ ಮತ್ತೆ ನಾಟಕದ ಮಾತು ಎದ್ದಿತ್ತು. ದೊಡ್ಡಪ್ಪನಿಗೆ ಈಗ ಮಂಡಿ ನೋವು, ಆಡೋಕಾಗಲ್ಲ. 'ಈ ಸಲ ನೀನೊಂದು ಪಾತ್ರ ತಗೋ' ಅಂದ. ನಾನು ವಿಕರ್ಣನ ಪಾತ್ರ ಕೊಡಿಸು ಅಂದೆ.

ದೊಡ್ಡಪ್ಪ ನಕ್ಕ. 'ನಮ್ ನಾಟ್ಕದಲ್ಲಿ ಅವ್ನಿಲ್ಲ ಕಣ್ಲಾ. ಅವ್ನಿಗೆ ಆಡೂ ಇಲ್ಲ, ಕಂದ್ವೂ ಇಲ್ಲ. ದುಡ್ ಕೊಟ್ಟು ಯಾವನ್ ತಗಂಡಾನು?'